ಉಕ್ಕಿನ ತೋಳಿಗೆ ಕಟ್ಟಿದ ಜೋಲಿ

ಅದನ್ನು ನಿಲ್ಲಿಸಿದ್ದು ಸಾವಿರದ ಒಂಬೈನೂರ ನಲವತ್ತೊಂದರ ಜೂನ್ ಹದಿನಾರು, ಸೋಮವಾರ. ಆ ದಿನದ ನನ್ನ ದಿನಚರಿಯ ಮೊದಲ ಸಾಲು ಎಂದಿನಂತೆ ಹವಾಮಾನದ್ದು: ಬೆಳಿಗ್ಗೆ ಎಂಟು ಗಂಟೆ, ಮಳೆ ಇಲ್ಲ, ಗಾಳಿ ಪಡುವಣದಿಂದ. ಎರಡನೆಯ ಸಾಲು: "ಇಪ್ಪತ್ತೆರಡು ಜನ ಹಗ್ಗ ಹಾಕಿ ಎಳೆದರು. ಎತ್ತು ಕಟ್ಟಲಿಲ್ಲ."

ಆಗ ನನಗೆ ಹತ್ತೊಂಬತ್ತು ವರ್ಷ. ಮಂಡ್ಯದ ಹೊರಗೆ ನಾಲೆಯ ಪಕ್ಕದಲ್ಲಿದ್ದ ವ್ಯವಸಾಯ ಶಾಲೆಯಲ್ಲಿ ಓದುತ್ತ ಅಲ್ಲೇ ಹಾಸ್ಟೆಲಿನಲ್ಲಿದ್ದೆ. ನಾನು ಮಳವಳ್ಳಿ ಕಡೆಯ ಬೆದ್ದಲು ಸೀಮೆಯವನು. ನಮ್ಮೂರಿನಲ್ಲಿ ನೀರು ಆಕಾಶದಿಂದ ಬರಬೇಕಿತ್ತು, ಅದಕ್ಕೆ ಸರದಿ ಎಂಬುದು ಇರಲಿಲ್ಲ. ಶಾಲೆಯಲ್ಲಿ ಮಳೆಮಾಪಕ ನೋಡಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅದು ಮೈಗೆ ಹತ್ತಿ ಉಳಿದದ್ದನ್ನೂ ಎಣಿಸಿ ಬರೆಯುವ ಚಾಳಿಯಾಯಿತು. ಆರು ವರ್ಷದ ಮೇಲೆ ಈಗ ಆ ಪುಸ್ತಕಗಳನ್ನು ಮುಂದಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ನಿಲ್ಲಿಸಿದ್ದು ಏನನ್ನು ಎಂದು ಹೇಳುವುದು ಕಷ್ಟ. ನಮ್ಮ ವರ್ಕ್‌ಶಾಪ್ ಮೇಷ್ಟ್ರು ಪರದೇಶದಲ್ಲಿ ವೆಲ್ಡಿಂಗ್ ಕಲಿತು ಬಂದವರು. ಗುಜರಿಯಲ್ಲಿ ಬಿದ್ದಿದ್ದ ಹಳೆಯ ಬಾಯ್ಲರಿನ ದಪ್ಪ ಉಕ್ಕಿನ ಹಲಗೆಗಳನ್ನು ತರಿಸಿ, ಕಾಯಿಸಿ, ಬಗ್ಗಿಸಿ, ಒಂದಕ್ಕೊಂದು ಬೆಸೆದು, ಏಳು ತಿಂಗಳು ಅದನ್ನು ಮಾಡಿದರು. ಹದಿನಾಲ್ಕು ಅಡಿ ಎತ್ತರ. ಬುಡದಲ್ಲಿ ಒಂದೇ ಕಾಲು. ಮೇಲೆ ಹೋಗುತ್ತ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡು, ತುದಿಯಲ್ಲಿ ಉಜ್ಜಿ ಹೊಳಪು ಬರಿಸಿದ ಒಂದು ಅಗಲವಾದ ಹಲಗೆ ಓರೆಯಾಗಿ ನಿಂತಿತ್ತು. ನಡುವೆ, ಕೈ ಎತ್ತಿದರೆ ಎಟುಕುವ ಎತ್ತರದಲ್ಲಿ, ಒಂದು ತೋಳು ಪಕ್ಕಕ್ಕೆ ಚಾಚಿಕೊಂಡಿತ್ತು. ಅದು ಮನುಷ್ಯನೂ ಅಲ್ಲ, ಮರವೂ ಅಲ್ಲ, ಯಂತ್ರವೂ ಅಲ್ಲ.

"ಮುಂದೆ ಇಲ್ಲೇ ಒಂದು ವಿಶ್ವವಿದ್ಯಾನಿಲಯ ಬರುತ್ತೆ," ಎನ್ನುತ್ತಿದ್ದರು ಮೇಷ್ಟ್ರು. "ಆಗ ಜನ ಬಂದು ಇದನ್ನ ನೋಡ್ತಾರೆ."

"ನೋಡಿ ಏನು ಮಾಡಬೇಕು ಸಾರ್?"

"ನೋಡಬೇಕು, ಅಷ್ಟೇ."

ಅದನ್ನು ಗದ್ದೆಬಯಲಿನ ಅಂಚಿಗೆ ಸಾಗಿಸಲು ಅವರು ಹೇಳಿದ ದಿನ ಸೋಮವಾರವಾಗಿತ್ತು. ಸೋಮವಾರ ಬಸವನ ದಿನ, ಆ ಸೀಮೆಯಲ್ಲಿ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಮೇಷ್ಟ್ರು ಮಂಗಳವಾರದವರೆಗೆ ಕಾಯಲಿಲ್ಲ. ಆಳುಗಳೇ ಹಗ್ಗ ಹಿಡಿದು ಎಳೆದರು. ಎಳೆಯುವಾಗ ಒಬ್ಬ ಇನ್ನೊಬ್ಬನಿಗೆ, "ಎತ್ತಿಗಿರೋ ರಜಾ ನಮ್ಗಿಲ್ವಲ್ಲಾ," ಎಂದ. "ನಿಂಗೆ ಕೊಂಬಿಲ್ಲ ಕಣ್ಲಾ," ಎಂದ ಇನ್ನೊಬ್ಬ. ಎಲ್ಲರೂ ನಕ್ಕರು. ಅದು ಎದ್ದು ನಿಂತ ಮೇಲೆ ಯಾರೂ ನಗಲಿಲ್ಲ. ಪಡುವಣ ಗಾಳಿ ಬೀಸಿದಾಗಲೆಲ್ಲ ಆ ತಿರುಚಿನ ಒಳಗಿನಿಂದ ಒಂದು ಗುಂಯ್ ಎಂಬ ಸದ್ದು ಬರುತ್ತಿತ್ತು, ಬಾಯಿ ಮುಚ್ಚಿಕೊಂಡು ನರಳಿದ ಹಾಗೆ.

ಇದೇನು ಎಂದು ನಾನು ಕಂಡವರನ್ನೆಲ್ಲ ಕೇಳಿ ಬರೆದಿಟ್ಟೆ. ಜೂನ್ ಮುಗಿಯುವ ಹೊತ್ತಿಗೆ ಮೂವತ್ತೇಳು ಉತ್ತರ. ಏತ ಎಂದವರು ಹನ್ನೊಂದು. ಮುರಿದ ಗಾಣ ಎಂದವರು ಎಂಟು. ಯುದ್ಧದ ವಿಮಾನಗಳಿಗೆ ಗುರುತು ಎಂದವರು ಆರು. ಮನುಷ್ಯನನ್ನು ಕೊಕ್ಕೆಗೆ ಸಿಕ್ಕಿಸಿ ತೂಗುವ ಸಿಡಿಮರ ಎಂದವರು ಐದು, ಐದೂ ಜನ ನಮ್ಮ ಮಳವಳ್ಳಿ ಕಡೆಯವರು. ಗೊತ್ತಿಲ್ಲ ಎಂದವರು ನಾಲ್ಕು. ಗಲ್ಲಿನ ಕಂಬ ಎಂದವರು ಮೂರು.

ಅದಕ್ಕೆ ಕೆಲಸ ಕೊಟ್ಟವಳು ಒಬ್ಬಳೇ. ಮದ್ದೂರಿನ ಹತ್ತಿರದ ಹಳ್ಳಿಯಿಂದ ಗಂಡನ ಜೊತೆ ಕೂಲಿಗೆ ಬಂದಿದ್ದ, ಕಳೆ ಕೀಳುವ ಹೆಂಗಸು. ಐದು ತಿಂಗಳ ಗಂಡುಮಗು ಇತ್ತು. ನಾಟಿ ಮುಗಿದು ಕಳೆ ಶುರುವಾದ ದಿನವೇ ಅವಳು ಹಳೆಯ ಸೀರೆಯ ಜೋಲಿಯನ್ನು ಆ ಉಕ್ಕಿನ ತೋಳಿಗೆ ಕಟ್ಟಿ ಮಗುವನ್ನು ಮಲಗಿಸಿದಳು. ಮೇಲಿನ ಹಲಗೆಯ ನೆರಳು ಸರಿಯಾಗಿ ಜೋಲಿಯ ಮೇಲೆ ಬೀಳುತ್ತಿತ್ತು. ಗಾಳಿಯ ಗುಂಯ್ ಸದ್ದಿಗೆ ಮಗು ಬೇಗ ನಿದ್ದೆಹೋಗುತ್ತಿತ್ತು.

ಆಳುಗಳ ಮೇಸ್ತ್ರಿ ಬಿಚ್ಚು ಎಂದು ಗದರಿದ. ಅಷ್ಟರಲ್ಲಿ ವರ್ಕ್‌ಶಾಪ್ ಮೇಷ್ಟ್ರೇ ಆ ಕಡೆ ಬಂದರು. ಜೋಲಿಯ ಗಂಟನ್ನು ಮುಟ್ಟಿ ನೋಡಿದರು.

"ಇರಲಿ ಬಿಡಯ್ಯ," ಎಂದರು. "ಇಷ್ಟು ಜನರಲ್ಲಿ ಇದೇನು ಅಂತ ಕೇಳದೇನೇ ಇದನ್ನ ಅರ್ಥಮಾಡಿಕೊಂಡವಳು ಇವಳೊಬ್ಬಳೇ."

ಅವಳು ನನ್ನ ಕಡೆ ತಿರುಗಿ ಮೆಲ್ಲಗೆ, "ಏನ್ ತಮ್ಮಯ್ಯ, ಬೋದ್ರಾ ಒಗಳುದ್ರಾ?" ಎಂದು ಕೇಳಿದಳು.

"ಹೊಗಳಿದ್ರು ಕಣಕ್ಕ."

"ಅಂಗಾರೆ ಸರಿ ಬುಡು," ಎಂದು ಗದ್ದೆಗಿಳಿದಳು.

ಆ ಗದ್ದೆಬಯಲಿಗೆ ನೀರು ಹಂಚುತ್ತಿದ್ದವನು ಒಬ್ಬ ಮುದುಕ, ನೀರುಗಂಟಿ. ನಾಲೆಯಿಂದ ಯಾವ ಗದ್ದೆಗೆ ಯಾವತ್ತು ಎಷ್ಟು ನೀರು ಎಂಬುದು ಅವನ ತಲೆಯಲ್ಲೇ ಇತ್ತು, ಬರೆದ ಲೆಕ್ಕವಿಲ್ಲ. ಜುಲೈ ಎರಡರಂದು ನಾನು ಮಳೆಮಾಪಕ ನೋಡುತ್ತಿದ್ದಾಗ ಅವನು ಗುದ್ದಲಿ ಊರಿಕೊಂಡು ನಿಂತು ಆ ಉಕ್ಕಿನ ಬುಡವನ್ನೇ ನೋಡುತ್ತಿದ್ದ.

"ಇಲ್ಲಿ ನೆಡಬ್ಯಾಡಿ ಅಂತ ಏಳ್ದೆ ಕಣ್ಮಗ. ಇದು ಹಳೇ ಕಟ್ಟೆ. ನಾಲೆ ಬರೋಕ್ ಮುಂಚೆ ದನ ಇಲ್ಲೇ ನೀರ್ ಕುಡೀತಿದ್ದೊ. ಮೇಲೆ ಮಣ್ ಆಕವ್ರೆ. ಕೆಳಗೆ ಇನ್ನೂ ಕಟ್ಟೇನೇ."

"ಮೇಷ್ಟ್ರು ಏನಂದ್ರು ತಾತ?"

"ಮೂರಡಿ ಆಳಕ್ಕೆ ಗಾರೆ ಆಕ್ಸಿವ್ನಿ ಅಂದ್ರು. ಕಟ್ಟೆ ಮೂರಾಳುದ್ದ ಇತ್ತಪ್ಪ."

ಯುದ್ಧದ ಕಾಲ, ಸಿಮೆಂಟು ಸಿಗುತ್ತಿರಲಿಲ್ಲ. ಇಟ್ಟಿಗೆ ಸುಣ್ಣದ ಗಾರೆಯಲ್ಲೇ ತಳ ಕಟ್ಟಿದ್ದರು.

ಮರುದಿನವೇ ನಾನು ವರ್ಕ್‌ಶಾಪಿನಿಂದ ಗೋಡೆ ಕಟ್ಟುವವರ ತೂಗುಗುಂಡು ತಂದೆ. ತೋಳಿನ ತುದಿಯಿಂದ ದಾರ ಇಳಿಬಿಟ್ಟು, ಗುಂಡು ನಿಂತ ಜಾಗದಲ್ಲಿ ಒಂದು ಗೂಟ ಹೊಡೆದೆ. ದಿನವೂ ಬೆಳಿಗ್ಗೆ ಎಂಟಕ್ಕೆ, ಅವಳು ಜೋಲಿ ಕಟ್ಟುವ ಮೊದಲು, ಗುಂಡು ಗೂಟದಿಂದ ಎಷ್ಟು ದೂರ ಎಂದು ಅಳೆದೆ. ಜುಲೈ ಕೊನೆಗೆ ಅರ್ಧ ಅಂಗುಲ. ಆಗಸ್ಟ್ ಕೊನೆಗೆ ಒಂದೂಕಾಲು.

ಆಗಸ್ಟ್ ಮೊದಲ ವಾರ ಪುಸ್ತಕ ತೆಗೆದುಕೊಂಡು ಮೇಷ್ಟ್ರ ಹತ್ತಿರ ಹೋದೆ.

"ಓರೆಯಾಗ್ತಾ ಇದೆ ಸಾರ್."

"ಯಾವುದರಿಂದ ಓರೆ?" ಎಂದು ಕೇಳಿದರು. ಸಿಟ್ಟಿರಲಿಲ್ಲ, ನಿಜವಾಗಿ ಕೇಳಿದರು. "ಕಂಬ ಓರೆಯಾದರೆ ಗೊತ್ತಾಗುತ್ತೆ, ಕಂಬ ನೆಟ್ಟಗಿರಬೇಕು. ಇದು ಹೇಗಿರಬೇಕು ಅಂತ ನಿನಗೆ ಗೊತ್ತೇನು? ನೀನು ಗೂಟ ಹೊಡೆಯೋ ಮುಂಚೆ ಅದು ಹೇಗಿತ್ತು?"

ಜೂನ್ ಹದಿನಾರರಿಂದ ಜುಲೈ ಎರಡರವರೆಗಿನ ಹದಿನೇಳು ದಿನದ ಅಳತೆ ನನ್ನ ಪುಸ್ತಕದಲ್ಲಿರಲಿಲ್ಲ. ಕಣ್ಣಿಟ್ಟು ನೋಡಿದವರಿಗೂ ಏನೂ ಕಾಣುತ್ತಿರಲಿಲ್ಲ. ಹುಟ್ಟಿನಿಂದಲೇ ತಿರುಚಿಕೊಂಡದ್ದು ಇನ್ನಷ್ಟು ಬಾಗಿದರೆ ಯಾರಿಗೆ ತಿಳಿಯುತ್ತದೆ? ಶಾಲೆಯ ಸೂಪರಿಂಟೆಂಡೆಂಟರ ಬಳಿಯೂ ಹೋದೆ. ಅವರು ಪುಟಗಳನ್ನು ತಿರುವಿ, "ಅಚ್ಚುಕಟ್ಟಾಗಿ ಬರೆದಿದ್ದೀಯ. ಮೂರು ತಿಂಗಳ ಅಳತೆ ತಗೊಂಡು ಬಾ," ಎಂದರು. ನನಗೆ ಆ ಮಾತು ಸರಿಯೆನಿಸಿತು. ಸಂತೋಷವೂ ಆಯಿತು. ಅದನ್ನು ಇಲ್ಲಿ ಬರೆಯದೆ ಬಿಡಲಾರೆ.

ಇನ್ನೊಂದು ಗುರುತನ್ನೂ ಇಟ್ಟುಕೊಂಡೆ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮೇಲಿನ ಹೊಳಪಿನ ಹಲಗೆಯ ಬಿಸಿಲು ನಮ್ಮ ತರಗತಿಯ ಕಿಟಕಿಯಿಂದ ಒಳಬಂದು ಗೋಡೆಯ ಮೇಲೆ ಒಂದು ಮೊರದಗಲ ಬೀಳುತ್ತಿತ್ತು. ದಿನವೂ ಅದರ ಕೆಳ ಅಂಚಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಸೂರ್ಯನೂ ಸರಿಯುತ್ತಾನೆ, ಅದು ನನಗೆ ಗೊತ್ತು. ಆದರೂ ಗೋಡೆಯ ಮೇಲೆ ಗೆರೆಗಳು ಒಂದರ ಕೆಳಗೊಂದು ಇಳಿಯುವುದನ್ನು ನೋಡುತ್ತಿದ್ದರೆ ಪಾಠ ಕಿವಿಗೆ ಬೀಳುತ್ತಿರಲಿಲ್ಲ.

ಸೆಪ್ಟೆಂಬರಿನಲ್ಲಿ ನಾಲೆಯ ನೀರು ಕಡಿಮೆ ಮಾಡಿದರು. ಅಲ್ಲಿಯವರೆಗೆ ಎಲ್ಲ ಗದ್ದೆಗೂ ಸಣ್ಣಗೆ ಹರಿಯುತ್ತಲೇ ಇದ್ದ ನೀರು ಈಗ ಸರದಿಯ ಮೇಲೆ, ಒಂದೊಂದು ದಿನ ಗದ್ದೆಯ ಒಂದೊಂದು ತಾಕಿಗೆ, ತುಂಬಿ ಬರತೊಡಗಿತು. ಉಕ್ಕಿನ ಪಕ್ಕದ ತಾಕಿಗೆ ಮೊದಲ ಸರದಿ ಬಂದದ್ದು ಹತ್ತನೇ ತಾರೀಖು, ಬುಧವಾರ. ಬೆಳಿಗ್ಗೆ ಅಳೆದಾಗ ಒಂದೂಕಾಲು ಅಂಗುಲ. ಮಧ್ಯಾಹ್ನ ನೀರು ನಿಂತ ಮೇಲೆ ಅನುಮಾನ ಬಂದು ಮತ್ತೆ ಅಳೆದೆ. ಮೂರೂಕಾಲು. ಜೋಲಿ ಅಲ್ಲೇ ತೂಗುತ್ತಿತ್ತು. ಮಗು ಎಚ್ಚರವಾಗಿ ದಾರದ ತುದಿಯ ಗುಂಡನ್ನು ಹಿಡಿಯಲು ಕೈ ಚಾಚಿತು.

ಮುಂದಿನ ಆರೇಳು ದಿನ ಅದು ಕೂದಲೆಳೆಯಷ್ಟೂ ಕದಲಲಿಲ್ಲ. ಮಣ್ಣು ಒಣಗಿ ಹಿಡಿದುಕೊಂಡಿತ್ತು. ನೀರು ಬಂದ ದಿನ ಕುಸಿಯುತ್ತದೆ, ಉಳಿದ ದಿನ ನಿಲ್ಲುತ್ತದೆ: ನನ್ನ ಪುಸ್ತಕ ಅಷ್ಟು ಸ್ಪಷ್ಟವಾಗಿ ಹೇಳುತ್ತಿತ್ತು. ಉಳಿದದ್ದು ಒಂದೇ, ಮುಂದಿನ ನೀರು ಯಾವತ್ತು?

"ಬುಧವಾರ ಬುಟ್ನಲ್ಲಾ, ಅಲ್ಲಿಂದ ಎಂಟ್ನೇ ದಿನಕ್ಕೆ," ಎಂದ ನೀರುಗಂಟಿ.

ಗುರುವಾರದಿಂದ ಬೆರಳು ಮಡಚಿದೆ. ಎಂಟನೆಯದು ಹದಿನೆಂಟನೇ ತಾರೀಖು, ಗುರುವಾರ. ಪುಸ್ತಕದಲ್ಲಿ ಆ ತಾರೀಖಿನ ಸುತ್ತ ಗೆರೆ ಹಾಕಿದೆ. ಯಾಕೆ ಕೇಳುತ್ತಿದ್ದೇನೆ ಎಂದು ಮುದುಕನಿಗೆ ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೇ ಇಲ್ಲ.

ಅವಳ ಹತ್ತಿರ ಹೋಗಿ, "ಅಕ್ಕಾ, ಇದು ವಾಲ್ತಾ ಇದೆ, ಇನ್ನು ಮೇಲೆ ಇಲ್ಲಿ ಜೋಲಿ ಕಟ್ಟಬೇಡಿ," ಎಂದೆ.

"ಮತ್ತೆಲ್ಲಿ ಕಟ್ಲಿ?"

"ಹೊಂಗೇಮರ ಇದೆಯಲ್ಲ."

"ಅದು ಎಳ್ಡು ಫರ್ಲಾಂಗು. ಒಂದ್ಸಲ ಆಲು ಕುಡ್ಸಿ ಬರೋ ಒತ್ಗೆ ಮೇಸ್ತ್ರಿ ನನ್ ಸಾಲ್ನ ಬೇರೇವ್ಳಿಗೆ ಕೊಟ್ಟಿರ್ತಾನೆ."

"ಬದುವಿನ ಮೇಲೆ..."

ಅವಳು ಕೈಯಲ್ಲಿದ್ದ ಕಳೆಯನ್ನು ಕೆಳಗೆ ಹಾಕಿದಳು. "ಬದಿನ್ ಮೇಲೆ ಓದ್ವರ್ಸ ಮಡಗಿದ್ದೆ. ಇದ್ರುಕ್ಕಿಂತ ಮುಂಚಿನ್ದು, ಎಣ್ಮಗ. ಸಾಲ್ ಮುಗ್ಸಿ ಬಂದೆ. ಮಲಗದೆ ಅನ್ಕೊಂಡು ಇನ್ನೊಂದ್ ಸಾಲ್ ಕಿತ್ತೆ."

ಆ ಮಗು ಏನು ಕಚ್ಚಿ ಹೋಯಿತೆಂದು ಅವಳು ಹೇಳಲಿಲ್ಲ.

ಕೊನೆಗೆ ಗುರುವಾರ ಒಂದು ದಿನ ಮಾತ್ರ ಕಟ್ಟುವುದಿಲ್ಲ ಎಂದು ಒಪ್ಪಿದಳು. "ಒಂದಿನ ಬುಡ್ತೀನಿ. ಎಳ್ಡ್ನೇ ದಿನ ಕೇಳ್ಬ್ಯಾಡ."

ಒಂದು ದಿನ ಸಾಕು ಎಂದೆ. ಲೆಕ್ಕದ ಮೇಲೆ ನನಗೆ ಅಷ್ಟು ಧೈರ್ಯ.

ಗುರುವಾರ ಅವಳು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬಗ್ಗಿ ಕಳೆ ಕಿತ್ತಳು. ಬಿಸಿಲಿಗೆ ಅದು ದಿನವಿಡೀ ಅತ್ತಿತು. ನೀರು ಬರಲಿಲ್ಲ. ತಾಕು ಒಣಗೇ ಇತ್ತು. ನಾನು ನಾಲ್ಕು ಸಲ ಅಳೆದೆ, ನಾಲ್ಕು ಸಲವೂ ಮೂರೂಕಾಲು. ಸಂಜೆ ಹೆಂಗಸರು ಗದ್ದೆಯಿಂದ ಏಳುವಾಗ ಒಬ್ಬಳು ಕೂಗಿದಳು: "ಏನ್ ತಮ್ಮಯ್ಯ, ನಿನ್ ಕಬ್ಣ ಬಿತ್ತಾ?"

"ಬಿದ್ರೆ ನಂಗೊಂದ್ ತುಂಡು ಕೊಡು, ಮಚ್ ಮಾಡ್ಸ್ಕೋತೀನಿ," ಎಂದಳು ಇನ್ನೊಬ್ಬಳು.

ಮಗುವಿನ ತಾಯಿ ನಗಲಿಲ್ಲ. "ಎಳ್ಡ್ ಸಾಲು ಕಮ್ಮಿ ಆಯ್ತು ಕಣಪ್ಪ ನಿನ್ನಿಂದ. ಇದ್ರು ಮೈಯೆಲ್ಲಾ ಬೊಬ್ಬೆ ಬಂದದೆ ನೋಡು," ಎಂದು ಸೆರಗು ಸರಿಸಿ ತೋರಿಸಿದಳು. ನಾಲೆಯಲ್ಲಿ ನೀರು ಕಡಿಮೆಯಾಗಿ ಸರದಿ ಮುಂದೆ ಹೋಗಿರಬೇಕು, ಯಾವತ್ತು ಎಂದು ನಾಳೆ ಸಂಜೆ ಕೇಳೋಣ ಎಂದುಕೊಂಡೆ. ದಿನಚರಿಯಲ್ಲೂ ಹಾಗೇ ಇದೆ: "ನಾಳೆ ಸಂಜೆ ಕೇಳುವುದು."

ಹತ್ತೊಂಬತ್ತು, ಶುಕ್ರವಾರ. ಎಂಟು ಗಂಟೆಗೆ ಮೋಡವಿಲ್ಲ, ಗಾಳಿ ಇಲ್ಲ, ಮೂರೂಕಾಲು. ಅವಳು ನನ್ನ ಮುಂದೆಯೇ ಜೋಲಿ ಕಟ್ಟಿದಳು. ನಾನು ತರಗತಿಗೆ ಹೋದೆ.

ಅಂದು ಪಾಠ ಜೇಡಿಮಣ್ಣಿನದು. ಹನ್ನೊಂದಕ್ಕೆ ಬಿಸಿಲಿನ ಮೊರ ಗೋಡೆಯ ಮೇಲೆ ಬಂತು. ಪೆನ್ಸಿಲ್ ತೆಗೆದೆ. ಹಿಂದಿನ ದಿನದ ಗೆರೆಯ ಮೇಲೇ ಇತ್ತು. ಗೆರೆ ಎಳೆಯಲು ಎದ್ದಾಗ ಅದು ಗೆರೆಯ ಕೆಳಗಿತ್ತು. ಕೈಯನ್ನು ಗೋಡೆಗೆ ಇಟ್ಟೆ. ಬೆಳಕು ನನ್ನ ಬೆರಳುಗಳ ಮೇಲಿಂದ ಮಣಿಕಟ್ಟಿಗೆ ಇಳಿಯಿತು. ಹಲ್ಲಿ ಇಳಿದ ಹಾಗೆ, ಒಂದು ಕ್ಷಣ ನಿಂತು, ಮತ್ತೆ ಇಳಿದು, ಬೆಂಚಿನ ಮೇಲೆ ಬಂದು, ನೆಲಕ್ಕೆ ಹೋಯಿತು. ಹೊರಗೆ ಸದ್ದೇ ಇಲ್ಲ.

ನಾನು ಓಡಿದೆ. ಹಾಸ್ಟೆಲಿನಿಂದ ಗದ್ದೆಗೆ ಎಷ್ಟು ಹೆಜ್ಜೆ ಎಂದು ನನಗೆ ಗೊತ್ತಿತ್ತು, ತರಗತಿಯಿಂದ ಎಷ್ಟೆಂದು ಎಣಿಸಿರಲಿಲ್ಲ. ತಾಕಿನ ತುಂಬ ನೀರು ಆಕಾಶದ ಹಾಗೆ ಹೊಳೆಯುತ್ತಿತ್ತು. ಹೆಂಗಸರೆಲ್ಲ ದೂರದ ಬದುವಿನ ಕಡೆ ಬೆನ್ನು ತಿರುಗಿಸಿ ಬಗ್ಗಿದ್ದರು. ನಾನು ಕೂಗಿದಾಗ ಒಬ್ಬೊಬ್ಬರಾಗಿ ಎದ್ದರು. ಅವಳು ಮಾತ್ರ ಏನೆಂದು ಕೇಳಲಿಲ್ಲ. ಸೀರೆ ಎತ್ತಿ ಕಟ್ಟಿ, ಪೈರು ತುಳಿದುಕೊಂಡು ನೇರ ಬಂದಳು. ಅವಳೂ ದೂರ, ನಾನೂ ದೂರ.

ಹತ್ತಿರವಿದ್ದವನು ನೀರುಗಂಟಿ. ಅವನು ಓಡಲಿಲ್ಲ. ಬಾಗುತ್ತಿದ್ದ ಉಕ್ಕಿನ ಕೆಳಗೆ, ಹೊಸಲು ದಾಟುವವನ ಹಾಗೆ ತಲೆ ತಗ್ಗಿಸಿ ಹೋದ. ಗಂಟು ಬಿಚ್ಚುವ ಗೋಜಿಗೆ ಹೋಗದೆ ಸೊಂಟದ ಕುಡುಗೋಲಿನಿಂದ ಜೋಲಿಯ ಬಟ್ಟೆಯನ್ನೇ ಕೊಯ್ದ. ಮಗು ಅವನ ಎಡಗೈಗೆ ಬಿತ್ತು. ಅವನು ತಿರುಗಿ ಎರಡು ಹೆಜ್ಜೆ ಇಟ್ಟ. ಮೂರನೆಯ ಹೆಜ್ಜೆಗೆ ತೋಳು ಅವನ ಬಲಗಾಲಿನ ಪಾದದ ಮೇಲೆ ಬಂದು ಕೆಸರಿಗೆ ಇಳಿಯಿತು. ಆಗ ಸದ್ದಾಯಿತು, ಬಾವಿಗೆ ದೊಡ್ಡ ಕಲ್ಲು ಬಿದ್ದಷ್ಟೇ ಸದ್ದು.

ತಾಯಿ ಮಗುವನ್ನು ತೆಗೆದುಕೊಂಡು ಕೆಸರಿನಲ್ಲೇ ಕುಳಿತಳು. ನನ್ನನ್ನು ನೋಡಲಿಲ್ಲ. ಹನ್ನೊಂದು ಜನ ಸೇರಿ ಹಾರೆ ಕೊಟ್ಟು ಎತ್ತಿ ಮುದುಕನ ಕಾಲು ಬಿಡಿಸಿದರು. ವರ್ಕ್‌ಶಾಪ್ ಮೇಷ್ಟ್ರು ಬರಿಗಾಲಲ್ಲಿ ಓಡಿ ಬಂದಿದ್ದರು. ಅವನನ್ನು ಗಾಡಿಗೆ ಎತ್ತಿ, ಮಂಡ್ಯದ ಆಸ್ಪತ್ರೆಯವರೆಗೂ ಆ ಪಾದವನ್ನು ತಮ್ಮ ತೊಡೆಯ ಮೇಲೇ ಇಟ್ಟುಕೊಂಡು ಹೋದರು.

ಭಾನುವಾರ ನಾನು ಆಸ್ಪತ್ರೆಗೆ ಹೋದೆ. ಮೂರು ಬೆರಳು ತೆಗೆದಿದ್ದರು. ಕೆಸರಿಗೆ ಹೂತದ್ದರಿಂದ ಕಾಲು ಉಳಿಯಿತು ಎಂದಿದ್ದರಂತೆ ಡಾಕ್ಟರು.

"ತಾತ, ಎಂಟನೇ ದಿನ ಅಂದಿದ್ರಿ. ಅದು ಗುರುವಾರ."

"ಶುಕ್ರವಾರ ಕಣ್ಮಗ. ಸೋಮವಾರ ಯಾರಾರ ಎಣಿಸ್ತಾರಾ?"

ಸೋಮವಾರದ ನೀರು ಯಾವ ಗದ್ದೆಯ ಲೆಕ್ಕಕ್ಕೂ ಬರುವುದಿಲ್ಲ, ಅಂದಿನ ನೀರು ಊರ ದನಗಳು ಈಗ ಕುಡಿಯುವ ಹೊಸ ಕಟ್ಟೆಗೆ ಹೋಗುತ್ತದೆ. ನೊಗ ಇಲ್ಲದ ದಿನ ನೀರಿನ ಸರದಿಗೂ ಸೇರದು. ನಾಲೆ ಬರುವ ಮುಂಚೆ, ಕೆರೆಯ ನೀರಿನ ಕಾಲದಲ್ಲಿ, ಅವನ ಅಪ್ಪನೂ ಹಾಗೇ ಎಣಿಸಿದ್ದ. ಸೋಮವಾರ ಎತ್ತು ಕಟ್ಟುವುದಿಲ್ಲ ಎಂಬುದು ನನ್ನ ದಿನಚರಿಯಲ್ಲೇ, ಜೂನ್ ಹದಿನಾರರ ಪುಟದಲ್ಲೇ ಇತ್ತು.

"ಓದೋರು ಸೋಮವಾರನೂ ಎಣಿಸ್ತೀರೇನೋ, ನಂಗೇನ್ ಗೊತ್ತು. ಯಾಕ್ ಕೇಳ್ತಾ ಇವ್ನೆ ಅಂತ ನಾನೂ ಕೇಳ್ನಿಲ್ಲ. ನೀನೂ ಏಳ್ನಿಲ್ಲ."

"ನೀವು ಯಾಕೆ ಅಲ್ಲೇ ನಿಂತಿದ್ರಿ ತಾತ? ನೀರು ಬಿಟ್ಟು ಮುಂದಿನ ಗದ್ದೆಯ ಮಡೆಗೆ ಹೋಗ್ಬೇಕಿತ್ತಲ್ಲ."

ಅವನು ಗೋಡೆಯ ಕಡೆ ನೋಡಿದ. "ಆ ಜಾಗಕ್ಕೆ ನೀರ್ ಬುಟ್ಟಾಗೆಲ್ಲಾ ನಿಂತಿರ್ತಿದ್ದೆ. ಕೂಸಿತ್ತಲ್ಲಾ."

ಅದು ಸುಗ್ಗಿಯವರೆಗೂ ಗದ್ದೆಯಲ್ಲೇ ಮಗುಚಿ ಬಿದ್ದಿತ್ತು. ಅದರ ಸುತ್ತ ಬತ್ತ ಬೆಳೆದು ಮುಚ್ಚಿಕೊಂಡಿತು, ಗಾಳಿ ಬೀಸಿದಾಗ ಪೈರಿನ ಒಳಗಿನಿಂದ ಆ ನರಳಿಕೆ ಮಾತ್ರ ಕೇಳುತ್ತಿತ್ತು. ಮೇಷ್ಟ್ರು ಆ ಕಡೆ ಹೋಗಲಿಲ್ಲ. ಸೂಪರಿಂಟೆಂಡೆಂಟರು ನನ್ನ ಪುಸ್ತಕ ತರಿಸಿಕೊಂಡು ನೋಡಿ, ಮೂರು ತಿಂಗಳಿಗೆ ಇನ್ನೂ ಹದಿನೈದು ದಿನ ಕಡಿಮೆ ಇದೆ ಎಂದರು. ಕಡಿಮೆ ಇದ್ದದ್ದು ಹದಿಮೂರು. ನಾನು ತಿದ್ದಲಿಲ್ಲ.

ಕುಯ್ಲು ಮುಗಿದ ಮೇಲೆ ಶಾಲೆಯವರೇ ಅದನ್ನು ಎತ್ತಿಸಿ ಆಫೀಸಿನ ಮುಂದೆ, ಗಟ್ಟಿ ನೆಲದಲ್ಲಿ, ಆರಡಿ ಆಳದ ತಳ ಹಾಕಿ ನಿಲ್ಲಿಸಿದರು. ಈ ಸಲ ಗುರುವಾರ, ಎತ್ತು ಕಟ್ಟಿ. ಮೇಷ್ಟ್ರು ನನ್ನನ್ನು ಕರೆಸಿ, "ಇವತ್ತೇ ಗೂಟ ಹೊಡಿ," ಎಂದರು.

ಮೂರನೆಯ ದಿನ, ಶನಿವಾರ, ನಾನು ದಾರ ಇಳಿಬಿಟ್ಟು ಅಳೆಯುತ್ತಿದ್ದಾಗ ಅವಳು ಬಂದಳು. ಕಣದ ಕೆಲಸಕ್ಕೆ ಹೊರಟಿದ್ದಳು. ಸೊಂಟದಲ್ಲಿ ಮಗು, ಹೆಗಲ ಮೇಲೆ ಹೊಲಿಗೆ ಹಾಕಿದ ಅದೇ ಜೋಲಿ. ಆಫೀಸಿನ ಪಕ್ಕದಲ್ಲೇ ಕಣ. ಉಕ್ಕಿನ ನೆರಳು ಕಣದ ಅಂಚಿಗೆ ಬೀಳುತ್ತಿತ್ತು.

"ಅಳ್ದ್ಯಾ?"

"ಅಳ್ದೆ ಅಕ್ಕ. ಕದಲಿಲ್ಲ."

"ಎಷ್ಟ್ ದಿನಾಯ್ತು ಅಳ್ಯಾಕ್ ಇಡ್ದು?"

"ಮೂರು ದಿನ."

ಅವಳು ತಲೆಯೆತ್ತಿ ತೋಳನ್ನು ನೋಡಿದಳು. ಮಗು ತೂಗುಗುಂಡಿನ ಕಡೆ ಕೈ ಚಾಚಿ ಬಗ್ಗಿತು. ಅವಳು ಆ ಕೈಯನ್ನು ಹಿಡಿದು ಮಡಚಿ ತನ್ನ ಕತ್ತಿನ ಕೆಳಗೆ ಒತ್ತಿಕೊಂಡು ದೂರದ ಹೊಂಗೇಮರದ ಕಡೆ ನಡೆದಳು. ಮೇಸ್ತ್ರಿ ಕಣದಿಂದ ಕೂಗಿದ, ಬೈದ, ಮತ್ತೆ ಕೂಗಿದ. ಅವಳು ತಿರುಗಲಿಲ್ಲ. ಅಂದು ಅವಳು ಮರಕ್ಕೆ ಹೋಗಿ ಬಂದದ್ದು ಐದು ಸಲ.